ರಿಸಾಲದಾರರ ಬಗ್ಗೆ ಮೂರು ಮಾತು

ಔಡಲೆಣ್ಣೆಯ ವಾಸನೆ ಬಂದರೆ ವೈಜಿನಾಥ ಮಾಸ್ತರರಿಗೆ ಈಗಲೂ ಆರು ವರ್ಷವಾಗಿಬಿಡುತ್ತಿತ್ತು. ಆ ವಯಸ್ಸಿನಲ್ಲಿ ಅವರನ್ನು ಮೊಗುಡಂಪಲ್ಲಿಯಿಂದ ಬಂಡಿಯಲ್ಲಿ ತಂದು ಜಹೀರಾಬಾದಿನ ಔಷಧದ ಅಂಗಡಿಯ ಮುಂದೆ ಇಳಿಸಿದ್ದರು. ಇದ್ದದ್ದು ಕಿವಿನೋವು. ರಿಸಾಲದಾರ ಶಂಕ್ರೆಪ್ಪನವರು ಮೂಗು ಹಿಡಿದು ಎಣ್ಣೆ ಕುಡಿಸಿದರು.

ಶಂಕ್ರೆಪ್ಪನವರು ನಿಜಾಮರ ಕುದುರೆ ಫೌಜಿನಲ್ಲಿ ಅಧಿಕಾರಿಯಾಗಿದ್ದು, ಪಿಂಚಣಿ ಬಂದ ಮೇಲೆ ಅಂಗಡಿ ಇಟ್ಟವರು. ಫೌಜಿನಲ್ಲಿ ಅವರ ಹುಕುಮಿಗೆ ಕುದುರೆಗಳು ಓಡುತ್ತಿದ್ದವು. ಇಲ್ಲಿ ಊರವರು ಓಡಿದರು. ತಲೆನೋವಿಗೂ ಅದೇ ಎಣ್ಣೆ, ಕೆಮ್ಮಿಗೂ ಅದೇ ಎಣ್ಣೆ. ಓಡಿ ಬರುವುದರೊಳಗೆ ಮೊದಲಿನ ಬೇನೆ ಮರೆತೇಹೋಗುತ್ತಿದ್ದುದರಿಂದ ಅವರ ಕೈಗುಣದ ಖ್ಯಾತಿ ನಾರಾಯಣಖೇಡದವರೆಗೂ ಹಬ್ಬಿತ್ತು.

ಆ ಮಹನೀಯರು ತೀರಿಕೊಂಡು ತಿಂಗಳಾಗಿತ್ತು. ಅಂದು ಸಂಜೆ, ಮಾಸ್ತರರು ಈಗ ಕಲಿಸುತ್ತಿದ್ದ ಅದೇ ಊರಿನ ಶಾಲೆಯ ಅಂಗಳದಲ್ಲಿ ನೆನಪಿನ ಸಭೆ. ಶಾಲೆ ತಪಾಸಣೆಯ ಸಾಹೇಬರೇ ಅಧ್ಯಕ್ಷರು. ಭಾಷಣ ಮಾಸ್ತರರದು.

"ಚೆಂದ ಮಾತಾಡ್ರಿ ಮಾಸ್ತರ್," ಎಂದರು ಪಟೇಲ ವೀರಪ್ಪ. "ಸಾಹೇಬ್ರು ಖುಷ್ ಆದ್ರಂದ್ರ ನಿಮ್ಮ ಬದ್ಲಿ ಆತು ಅಂತ ತಿಳ್ಕೋರಿ."

ಮಾಸ್ತರರಿಗೆ ಬೇಕಾದದ್ದು ಅದೊಂದೇ, ತಾಂಡೂರಿಗೆ ವರ್ಗ. ಅತ್ತೆಗೆ ಕಣ್ಣು ಕಾಣದ್ದರಿಂದ ಹೆಂಡತಿ ಶಕುಂತಲಾಬಾಯಿ ತವರೂರು ತಾಂಡೂರು ಬಿಟ್ಟು ಬರುವಂತಿರಲಿಲ್ಲ. ಎರಡು ವರ್ಷದ ಮಗಳು ಅಪ್ಪನನ್ನು ಕಂಡರೆ ಯಾರೋ ಬಂದರೆಂದು ಒಳಗೆ ಓಡುತ್ತಿದ್ದಳು.

ಭಾಷಣಕ್ಕೆ ಊರವರ ನೆನಪು ಬರೆದುಕೊಳ್ಳಲು ಬೆಳಿಗ್ಗೆಯೇ ಕಾಗದ ಹಿಡಿದು ಹೊರಟರು.

"ನನ್ನ ಮದುವಿ ದಿನ ಬೀಗರಿಗೆಲ್ಲ ಎಣ್ಣಿ ಕುಡಿಸಿದ್ರು ನೋಡ್ರಿ, ಹೊಟ್ಟಿ ಹಗುರ ಇರ್ಲಿ ಅಂತ." ನೆರೆಮನೆಯ ಸಕ್ಕುಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಅಕ್ಕಿಕಾಳು ಹಾಕೋ ಹೊತ್ತಿಗಿ ಹಂದರದಾಗ ನಾನು, ನಮ್ಮ ಮನಿಯವ್ರು, ಅಯ್ಯನೋರು, ಮೂರೇ ಮಂದಿ! ಅಯ್ಯ, ಬರಕೋತೀರೇನ್ರಿ? ಬ್ಯಾಡ, ಬೀಗರೂ ಬರ್ತಾರ ಸಭಾಕ್ಕ!"

ಮಾಸ್ತರರು ಬರೆದದ್ದನ್ನು ಹೊಡೆದುಹಾಕಿದರು.

ಕಿರಾಣಿ ಅಂಗಡಿಯ ಭೀಮಶಾ ಸುತ್ತ ನೋಡಿ ಪಿಸುಗುಟ್ಟಿದ: "ಎಣ್ಣಿ ಕುಡದು ನಾ ಕಬ್ಬಿನ ಹೊಲದಾಗ ಕುಂತಿದ್ದೆ. ರಿಸಾಲದಾರ್ರು ಬದುವಿನ ಮ್ಯಾಲ ಬಡಿಗಿ ಹಿಡ್ಕೊಂಡು ಪಹರೆ ನಿಂತಿದ್ರು. ಯಾರೂ ನನಗ ನೋಡಿ ನಗಬಾರ್ದಂತ." ಅವನ ದನಿ ಮೆತ್ತಗಾಯಿತು. ಮರುಗಳಿಗೆಯೇ ಗಡುಸಾಯಿತು. "ನನ್ನ ಹೆಸರು ಹಾಕಿದ್ರ ನೋಡ್ರಿ, ನಾಳಿಂದ ಉಪ್ಪು ಸೈತ ಕೊಡಂಗಿಲ್ಲ."

ಅದೂ ಹೋಯಿತು.

"ಭಾಷಣದಾಗ ಲಡಾಯಿ ಹಾಕ್ರಿ," ಎಂದರು ವೀರಪ್ಪ.

"ಯಾವ ಲಡಾಯಿರಿ?"

"ನೀವು ಓದಿದವ್ರು. ಒಂದು ಚಲೋದು ನೋಡಿ ಹಾಕ್ರಿ."

ಹಾಕಿದರು. ಆದರೆ ನಿಜಾಮರ ಆಳ್ವಿಕೆಯ ಆ ಕಾಲದಲ್ಲಿ ನಾಲ್ಕು ಜನ ಸೇರಿ ಮಾತನಾಡಬೇಕಾದರೆ ಮಾತನ್ನು ಮೊದಲು ಸರ್ಕಾರಿ ಕಚೇರಿಗೆ ತೋರಿಸಬೇಕು. ಗುಮಾಸ್ತ ಕೆಂಪು ಮಸಿಯಲ್ಲಿ ಲೇಖನಿ ಅದ್ದಿದ. "ಲಡಾಯಿ? ಯಾರ ಮ್ಯಾಲ? ನಾಳಿ ನನಗ ಕೇಳ್ತಾರ." ಗೀಟು. "'ಊರೆಲ್ಲ ಅವರ ಹೆಣದ ಹಿಂದೆ ನಡೆಯಿತು.' ಆ ಜುಲೂಸಿಗಿ ಪರವಾನಗಿ ಇತ್ತೇನ್ರಿ?" ಮತ್ತೊಂದು ಗೀಟು.

ಸಂಜೆ ಮಾಸ್ತರರು ಎದ್ದುನಿಂತಾಗ ಕಾಗದದಲ್ಲಿ ಉಳಿದಿದ್ದುದನ್ನೇ ಓದಿದರು.

"ಶಂಕ್ರೆಪ್ಪನವರು ಬಂದರು. ಔಷಧ ಕೊಟ್ಟರು. ಹೋದರು."

ಕೂತುಬಿಟ್ಟರು. ತಾಂಡೂರು ಅಲ್ಲಿಗೇ ಮುಗಿಯಿತೆಂದುಕೊಂಡರು.

ಮೊದಲು ಭೀಮಶಾನ ಮೂಗಿನಿಂದ ಒಂದು ಸದ್ದು ಬಂತು. "ಔಷಧ ಕೊಟ್ರಂತ!" ಎಂದು ಅವನು ನಗತೊಡಗಿದ. ಸಕ್ಕುಬಾಯಿಯೂ ನಕ್ಕರು. ಬೀಗರೇ ಎದ್ದು ಹಂದರದ ಕತೆ ಹೇಳಿದರು. ಭೀಮಶಾ ತಾನಾಗಿಯೇ ಕಬ್ಬಿನ ಹೊಲದ್ದು ಹೇಳಿ, ಪಹರೆಯ ಮಾತಿಗೆ ಬಂದಾಗ ಕಣ್ಣೊರೆಸಿಕೊಂಡ. ಅಂಗಳದ ತುಂಬ ನಗುವೂ ಅಳುವೂ ಒಟ್ಟಿಗೇ ಎದ್ದವು.

ಸಾಹೇಬರು ಮಾಸ್ತರರ ಕೈ ಕುಲುಕಿದರು. "ಮಾಸ್ಟರ್ ಸಾಬ್, ನಮಗ ಕನ್ನಡ ಥೋಡಾ ಥೋಡಾ. ಒಂದು ಭಾಷಣ ಪೂರಾ ಸಮಜಾಗಿದ್ದು ಇದೇ ಪಹಿಲೀ ಬಾರ್! ಏನ್ ಬೇಕು, ಕೇಳ್ರಿ."

ಮಾಸ್ತರರ ಕೈ ಬದಲಿಯ ಅರ್ಜಿ ಇದ್ದ ಜೇಬಿಗೆ ಹೋಯಿತು. ಅದಕ್ಕಿಂತ ಮೊದಲೇ ವೀರಪ್ಪನವರ ಅರ್ಜಿ ಸಾಹೇಬರ ಕೈಗೆ ಬಂತು. ಭೀಮಶಾನ ಕಣ್ಣೀರು ಆರುವ ಮುಂಚೆಯೇ ಅದನ್ನು ಬರೆಸಿ, ಮಸಿಯ ತಟ್ಟೆಯನ್ನು ಸಾಲುಸಾಲಾಗಿ ಸುತ್ತಿಸಿ, ಊರಿನವರೆಲ್ಲರ ಹೆಬ್ಬೆಟ್ಟಿನ ಗುರುತು ಒತ್ತಿಸಿದ್ದರು. ಅದರಲ್ಲಿ ಮಾತ್ರ ಯಾರೂ ಒಂದಕ್ಷರ ಹೊಡೆದುಹಾಕಿಸಿರಲಿಲ್ಲ.

"ಇವ್ರಿಗಿ ಈ ಊರಾಗೇ ಖಾಯಂ ಇಡ್ರಿ ಸಾಬ್!"

"ಪಟೇಲ್ರೆ, ನನ್ನ ಬದ್ಲಿ..." ಎಂದರು ಮಾಸ್ತರರು ಕಂಗಾಲಾಗಿ.

"ನನಗೂ ಎಪ್ಪತ್ತೆರಡು ಆತ್ರಿ. ನೀವು ತಾಂಡೂರಿಗಿ ಹೋದ್ರ ನನ್ನ ಸಭಾಕ್ಕ ಮಾತಾಡೋರು ಯಾರು?"

ಸಾಹೇಬರು ಸಂತೋಷದಿಂದ ಸಹಿ ಹಾಕಿದರು.

ಜನ ಚದುರಿದರು. ಮಾಸ್ತರರು ಶಾಲೆಯ ಕಟ್ಟೆಯ ಮೇಲೆ ಒಬ್ಬರೇ ಉಳಿದರು. ರಿಸಾಲದಾರರ ಹೆಂಡತಿ ಕಾಂತಾಬಾಯಿ ಮೆಲ್ಲಗೆ ಬಂದು, ಬಿಸಿ ಆರದ ಜೋಳದ ರೊಟ್ಟಿ, ಪುಂಡಿಪಲ್ಯದ ಗಂಟನ್ನು ಅವರ ಮಡಿಲಲ್ಲಿಟ್ಟರು.

"ಒಲಿ ಹಚ್ಚಿರಂಗಿಲ್ಲ ನೀವು. ಉಣ್ರಿ ತಮ್ಮಾ."

ಆ ತಾಯಿಯ ಹೆಬ್ಬೆರಳಿನ ಮಸಿ ಇನ್ನೂ ಒಣಗಿರಲಿಲ್ಲ.