ಅತ್ತೆ ತಿದ್ದದ ಮುಖಗಳು

ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ಉಡುಪಿಯಿಂದ ಕಾರ್ಕಳದವರೆಗಿನ ಒಂದು ತಲೆಮಾರಿನ ಮದುಮಗಂದಿರಿಗೆಲ್ಲ ಮೋಸ ಮಾಡಿದ್ದಾರೆ. ಪೊಲೀಸರು ಹಿಡಿಯಲಿಲ್ಲ. ಒಬ್ಬ ಮದುಮಗನೂ ದೂರು ಕೊಡಲಿಲ್ಲ. ಕೊಡುವುದಾದರೂ ಹೇಗೆ? ಅವರವರ ಫೋಟೋದಲ್ಲೂ ಅತ್ತೆಯ ಕೈವಾಡ ಇತ್ತಲ್ಲ!

ಅತ್ತೆ ಉಡುಪಿಯ ಒಂದು ಸ್ಟುಡಿಯೊದಲ್ಲಿ ನೆಗೆಟಿವ್ ತಿದ್ದುತ್ತಿದ್ದರು. ಇಂಥ ಕೆಲಸವೂ ಒಂದು ಇತ್ತೇ ಎಂದು ಈಗಿನವರು ಕೇಳುತ್ತಾರೆ. ಇತ್ತು. ಕಿಟಕಿಯ ಬಳಿ ಓರೆಯಾಗಿ ನಿಲ್ಲಿಸಿದ ಗಾಜಿನ ಮೇಲೆ ನೆಗೆಟಿವ್ ಇಟ್ಟು, ಸೂಜಿಯ ಹಾಗೆ ಚೂಪು ಮಾಡಿದ ಪೆನ್ಸಿಲಿನಿಂದ ಮೊಡವೆ, ಮಚ್ಚೆ, ಕಣ್ಣಡಿಯ ಕಪ್ಪು ಎಲ್ಲವನ್ನೂ ಚುಕ್ಕಿ ಚುಕ್ಕಿಯಾಗಿ ಮುಚ್ಚುವುದು. ಜಾತಕದ ಜೊತೆ ಹೋಗುವ ಹುಡುಗಿಯರ ಫೋಟೋಗಳೆಲ್ಲ ಆ ಕಿಟಕಿಯನ್ನು ದಾಟಿಯೇ ಹೋಗುತ್ತಿದ್ದವು. ಬ್ರಹ್ಮ ಅವಸರದಲ್ಲಿ ಮಾಡಿದ್ದನ್ನು ಅತ್ತೆ ನಿಧಾನವಾಗಿ ಸರಿಪಡಿಸುತ್ತಿದ್ದರು.

ಅವರೊಂದಿಗೆ ಕಾಪುವಿನಿಂದ ಉಡುಪಿಗೆ ಬಸ್ಸಿನಲ್ಲಿ ಹೋಗುವುದೆಂದರೆ ನನಗೆ ಸುಸ್ತು. ಕಟಪಾಡಿಯಲ್ಲಿ ಯಾರಾದರೂ ಹತ್ತಿದರೆ ಸಾಕು, ಅತ್ತೆಯ ಕುತ್ತಿಗೆ ತಿರುಗುತ್ತಿತ್ತು.

"ಆ ಹುಡುಗಿಯ ಎಡಗೆನ್ನೆ ನೋಡು. ಅರ್ಧ ದಿನದ ಕೆಲಸ ಉಂಟು."

"ಅತ್ತೆ, ಅವಳಿಗೆ ಕೇಳ್ತದೆ!"

"ಕೇಳಲಿ ಮಾರಾಯ್ತಿ. ನಾನು ಸರಿ ಮಾಡ್ತೇನೆ ಅಂತ ಹೇಳಿದ್ದು, ಬೈದದ್ದಲ್ಲ."

ಒಮ್ಮೆ ಕಾರ್ಕಳದ ಒಂದು ಮದುವೆಗೆ ಹೋಗಿದ್ದೆವು. ಮದುಮಗನ ಅಜ್ಜಿ ಮಂಟಪದ ಹತ್ತಿರ ಬಂದು, ಮದುಮಗಳನ್ನು ಎರಡು ಸಲ ನೋಡಿ, ಗಟ್ಟಿಯಾಗಿಯೇ ಕೇಳಿದರು: "ಫೋಟೋದಲ್ಲಿದ್ದ ಹುಡುಗಿ ಇನ್ನೂ ಬರಲಿಲ್ವಾ?" ನಾನು ಬೆವತುಹೋದೆ. ಪಕ್ಕದಲ್ಲಿ ಕುಳಿತಿದ್ದ ಅತ್ತೆ ಅಲುಗಾಡಲಿಲ್ಲ. ನನ್ನ ಕಿವಿಯಲ್ಲಿ ಹೇಳಿದರು: "ನಾನು ಮೂಗನ್ನು ಮುಟ್ಟಿಯೇ ಇಲ್ಲ. ಮೂಗು ಅವಳದ್ದೇ."

ಆ ಮದುವೆಯ ವರ್ಷವೇ ಊರಿಗೆ ಕಣ್ಣುಬೇನೆ ಬಂತು. ಎಂಬತ್ತರ ದಶಕದ ಆರಂಭ. ದೇಶದೇಶಗಳನ್ನು ಸುತ್ತಿ ಬಂದ ಬೇನೆಯಂತೆ ಅದು. ನಮ್ಮಲ್ಲಿ ಅದಕ್ಕೆ ಮದ್ರಾಸ್ ಐ ಎಂದು ಮದ್ರಾಸಿನ ಹೆಸರಿಟ್ಟರು. ಬೆಳಿಗ್ಗೆ ಎದ್ದರೆ ರೆಪ್ಪೆಗಳು ಅಂಟಿಕೊಂಡಿರುತ್ತಿದ್ದವು. ಬಿಡಿಸಿದರೆ ಒಳಗೆ ಕುಂಕುಮ ಚೆಲ್ಲಿದ ಹಾಗೆ ಕೆಂಪು. ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಹರಡುತ್ತದೆ ಎಂದು ಯಾರೋ ಹೇಳಿದ್ದೇ ತಡ, ಊರಿಗೆ ಊರೇ ಎದುರಿದ್ದವರ ಕಾಲನ್ನು ನೋಡಿಕೊಂಡು ಮಾತಾಡತೊಡಗಿತು. ಬಸ್ಸಿನ ಕಂಡಕ್ಟರಿಗೆ ಕಪ್ಪು ಕನ್ನಡಕ. ಪೂಜೆಯ ಭಟ್ಟರಿಗೆ ಕಪ್ಪು ಕನ್ನಡಕ. ಉಚ್ಚಿಲದಲ್ಲಿ ಒಬ್ಬರು ಕಪ್ಪು ಕನ್ನಡಕ ಹಾಕಿಕೊಂಡು ಸ್ವಂತ ಎಮ್ಮೆಯನ್ನು ಕಟ್ಟಲು ಹೋದರೆ, ಅದು ಗುರುತು ಹಿಡಿಯದೆ ಹಾಯ್ದುಬಿಟ್ಟಿತು ಎಂದು ಸುದ್ದಿ. "ಇಡೀ ಊರು ನಾಚಿಕೊಂಡ ಹಾಗೆ ಉಂಟು," ಎಂದರು ಅತ್ತೆ.

ಶಾಲೆ, ಕಾಲೇಜು ಮುಚ್ಚಿದವು. ಸ್ಟುಡಿಯೊವನ್ನೂ ಮುಚ್ಚಿದರು. ಕೆಂಪುಕಣ್ಣು ಇಟ್ಟುಕೊಂಡು ಫೋಟೋ ತೆಗೆಸುವವರು ಯಾರು? ಅತ್ತೆ ಮನೆಯಲ್ಲಿ ಕುಳಿತರು. ತಿದ್ದಲು ಮುಖಗಳಿಲ್ಲ. ಮೊದಲ ದಿನ ಅಮ್ಮನ ದೋಸೆಯನ್ನು ತಿದ್ದಿದರು. ಎರಡನೆಯ ದಿನ ಅಪ್ಪನ ಬೈತಲೆ ಓರೆಯಾಗಿದೆ ಎಂದರು. ಆಮೇಲೆ ಅಮ್ಮ ದೇವರ ಮುಂದೆ ನಿಂತು, "ಈ ಬೇನೆ ಬೇಗ ಹೋಗಲಪ್ಪ," ಎಂದು ಕೈಮುಗಿದದ್ದು ಬೇನೆಯ ಕಾರಣಕ್ಕೆ ಮಾತ್ರ ಅಲ್ಲ ಎಂದು ನನ್ನ ನಂಬಿಕೆ.

ಒಂದು ಬೆಳಿಗ್ಗೆ ಬಾವಿಕಟ್ಟೆಯಲ್ಲಿ ನಾವು ನಾಲ್ವರು ಹುಡುಗಿಯರು ನಿಂತಿದ್ದೆವು. ನಾನು, ಮೇಷ್ಟ್ರ ಮಗಳು ಸುಮತಿ, ಕಡಲ ಬದಿಯ ಓಣಿಯ ಗುಲಾಬಿ, ಹಿಂದಿನ ಮನೆಯ ಮೈಮೂನಾ. ನಾಲ್ವರ ಕಣ್ಣೂ ಊದಿತ್ತು. ಹೇಗೂ ಎಲ್ಲರಿಗೂ ಬಂದಿದೆ, ಇನ್ನು ಬೇರೆ ಬೇರೆ ಯಾಕೆ ಇರಬೇಕು ಎಂದು ಒಟ್ಟಾಗಿದ್ದೆವು. ಅತ್ತೆ ಜಗಲಿಯಿಂದ ನಮ್ಮನ್ನೇ ನೋಡುತ್ತಿದ್ದರು.

"ಇದನ್ನು ಯಾರಾದರೂ ಫೋಟೋ ತೆಗೆದಿಡಬೇಕು," ಎಂದರು.

"ಈ ಮೋರೆಗಳನ್ನಾ ಅತ್ತಿಗೆ?" ಎಂದಳು ಅಮ್ಮ.

"ಮತ್ತೆ ಯಾವುದನ್ನು? ನಾಳೆ ಮದುವೆಗೆ ಅಂತ ತೆಗೆಸುವುದು ನಾನು ಬರೆದ ಮುಖ. ಇವರ ಮುಖ ಎಲ್ಲಾದರೂ ಉಂಟಾ?"

ಅತ್ತೆಯ ಹತ್ತಿರ ಸ್ಟುಡಿಯೊದ ಮಾಲಿಕರು ಕೊಟ್ಟ ಹಳೆಯ ಕ್ಯಾಮರಾ ಒಂದಿತ್ತು. ಹೊಟ್ಟೆಯ ಹತ್ತಿರ ಹಿಡಿದು, ಮೇಲಿನಿಂದ ಬಗ್ಗಿ ನೋಡುವಂಥದ್ದು. ಮುಚ್ಚಳ ತೆರೆದರೆ ಒಳಗೆ ಒಂದು ಮಬ್ಬುಗಾಜು, ಅದರಲ್ಲಿ ಎದುರಿನ ಜಗತ್ತು. ನಮ್ಮ ತಾಯಂದಿರನ್ನು ಒಪ್ಪಿಸಲು ಅತ್ತೆ ಮನೆಮನೆಗೆ ಹೋದರು. "ಇದಕ್ಕೆ ಕಣ್ಣು ತಾಗಿಸ್ಲಿಕ್ಕಿಲ್ಲ, ಬೇನೆ ಹರಡುವುದಿಲ್ಲ. ತಲೆ ತಗ್ಗಿಸಿಯೇ ನೋಡುವುದು. ನಿಮ್ಮ ಹುಡುಗಿಯರು ತಲೆ ಎತ್ತುವ ಪ್ರಶ್ನೆಯೇ ಇಲ್ಲ!" ಈ ಮಾತಿಗೆ ಎಲ್ಲರೂ ಒಪ್ಪಿದರು. ತಲೆ ತಗ್ಗಿಸಿ ನಡೆಯುವುದನ್ನು ನಮಗೆ ಊರೇ ಕಲಿಸಿತ್ತು. ತಲೆ ತಗ್ಗಿಸಿಕೊಂಡೇ ಎದುರಿದ್ದವರನ್ನು ಮನಸಾರೆ ನೋಡಬಹುದೆಂದು ನಮಗೆ ಗೊತ್ತಾದದ್ದು ಆಗಲೇ.

ಆದರೆ ಆ ಗಾಜಿನಲ್ಲಿ ಎಡ ಬಲ ಅದಲುಬದಲು. ಕೋಳಿ ಎಡಕ್ಕೆ ಓಡಿದರೆ ಗಾಜಿನೊಳಗಿನ ಕೋಳಿ ಬಲಕ್ಕೆ ಓಡುತ್ತದೆ. ಸುಮತಿ ಗಾಜಿನೊಳಗಿನ ಕೋಳಿಯನ್ನು ನಂಬಿ ಹೋಗಿ ತುಳಸಿಕಟ್ಟೆಗೆ ಢಿಕ್ಕಿ ಹೊಡೆದಳು. ಅತ್ತೆ ಓಡಿಬಂದು ಮೊದಲು ಎತ್ತಿದ್ದು ಕ್ಯಾಮರಾವನ್ನು.

"ಮೊಣಕಾಲು ಒಡೆದಿದೆ ಅಕ್ಕ!" ಎಂದು ಸುಮತಿ ಅತ್ತಳು.

"ಮೊಣಕಾಲು ತನ್ನಷ್ಟಕ್ಕೆ ಬೆಳೆಯುತ್ತದೆ. ಲೆನ್ಸ್ ಬೆಳೆಯುವುದಿಲ್ಲ."

ಅತ್ತೆಯ ಪಾಠದಲ್ಲಿ ನಿಯಮಗಳು ಕಡಿಮೆ. ಯಾರನ್ನೂ ಕೂರಿಸಿ ತೆಗೆಯಬಾರದು. ಯಾರಿಗೂ ನಗು ಎನ್ನಬಾರದು. ಸೀರೆ ಬದಲಿಸಿ ಬರುತ್ತೇನೆ ಎಂದವರನ್ನು ಬಿಡಬಾರದು. ಒಂದು ಫಿಲ್ಮಿನಲ್ಲಿ ಹನ್ನೆರಡು ಚಿತ್ರ, ಅದನ್ನು ಜಗಳವಾಡದೆ ಹಂಚಿಕೊಳ್ಳಬೇಕು. ಇಷ್ಟೆ. ಜೀವಮಾನವಿಡೀ ಕೂರಿಸಿ, ನಗಿಸಿ, ಸೀರೆ ಬದಲಿಸಿದವರ ಮುಖಗಳಲ್ಲೇ ದುಡಿದವರು ಇಂಥ ನಿಯಮ ಮಾಡಿದ್ದು ಯಾಕೆ ಎಂದು ನಾವು ಆಗ ಯೋಚಿಸಲಿಲ್ಲ.

ಮೈಮೂನಾಳ ಅಜ್ಜಿ ಮಾತ್ರ ಹಟ ಹಿಡಿದರು. ಅವರ ಮಗ ದುಬೈಯಲ್ಲಿದ್ದ. ಫೋಟೋ ಅವನಿಗೆ ಹೋಗುತ್ತದೆ. ಅದರಲ್ಲಿರುವ ತನ್ನ ಕೆಂಪುಕಣ್ಣನ್ನು ಅವನು ನೋಡಿದರೆ ಅವನಿಗೂ ಬರುವುದಿಲ್ಲವೆ? ಅಲ್ಲಿ ಅವನನ್ನು ನೋಡಿಕೊಳ್ಳುವವರು ಯಾರು? ನಾವು ಬಾಯಿಗೆ ಸೆರಗು ಹಿಡಿದುಕೊಂಡೆವು. ಅತ್ತೆ ನಗಲಿಲ್ಲ. ಅಜ್ಜಿಯ ಪಕ್ಕ ಕುಳಿತು ಗಂಭೀರವಾಗಿ ಹೇಳಿದರು: "ಇದು ಕಪ್ಪುಬಿಳುಪು ಫಿಲ್ಮು ಉಮ್ಮ. ಕೆಂಪು ಇದರಲ್ಲಿ ಬರುವುದೇ ಇಲ್ಲ."

"ಹಾಗಾದರೆ ಆಗಬಹುದು," ಎಂದರು ಅಜ್ಜಿ. ಮಗ ಕಳಿಸಿದ ಕಪ್ಪು ಕನ್ನಡಕವನ್ನು ಹಾಕಿಕೊಂಡು, ಅದರ ಗಾಜಿಗೆ ಅಂಟಿಸಿದ್ದ ಅಂಗಡಿಯ ಚೀಟಿಯನ್ನೂ ಕೀಳದೆ, ಅಕ್ಕಿ ಆರಿಸುತ್ತಾ ಕುಳಿತರು. ಮೈಮೂನಾ ಹಾಗೆಯೇ ಅವರ ಫೋಟೋ ತೆಗೆದಳು.

ನಾನು ತೆಗೆದದ್ದು ನಮ್ಮ ಮನೆಯವರನ್ನು. ಮಧ್ಯಾಹ್ನ ಊಟದ ಮೇಲೆ ಅಪ್ಪ, ಅಮ್ಮ, ತಮ್ಮ ಸಾಲಾಗಿ ಮಲಗಿದ್ದರು. ತಂಪಾಗಲೆಂದು ರೆಪ್ಪೆಗಳ ಮೇಲೆ ನಂದಿಬಟ್ಟಲು ಹೂಗಳು. ತಮ್ಮ ಮಾತ್ರ ಒಂದು ಹೂ ಸರಿಸಿ ನನ್ನನ್ನು ಇಣುಕಿ ನೋಡುತ್ತಿದ್ದಾನೆ. ಗುಲಾಬಿ ತೆಗೆದದ್ದು ಅವಳ ಅಮ್ಮನನ್ನು. ಕೆಂಪುಕಣ್ಣಿನ ಹೆಂಗಸಿನಿಂದ ಮೀನು ಕೊಳ್ಳುವವರಿಲ್ಲ. ಬುಟ್ಟಿಯನ್ನು ಕವುಚಿ ಹಾಕಿ ಅದರ ಮೇಲೆ ಅವಳಮ್ಮ ಕುಳಿತಿದ್ದಳು. ಬೆಳಗಿನ ಹೊತ್ತು ಅವಳು ಕುಳಿತದ್ದನ್ನು ನಾನು ಕಂಡದ್ದು ಅದೇ ಮೊದಲು.

ಇಲ್ಲಿಂದ ಮುಂದಿನದನ್ನು ನಿಧಾನವಾಗಿ ಹೇಳಬೇಕು.

ಆ ಕ್ಯಾಮರಾಕ್ಕೆ ಕಣ್ಣು ತಾಗಿಸುವುದಕ್ಕಿಲ್ಲ ಎಂದು ಅತ್ತೆ ಹೇಳಿದ್ದು ನಿಜ. ಆದರೆ ಮಬ್ಬುಗಾಜಿನ ಮೇಲೆ ಮಡಚಿಟ್ಟ ಒಂದು ಸಣ್ಣ ಭೂತಗನ್ನಡಿ ಇತ್ತು. ಫೋಕಸ್ ಸರಿಯಿದೆಯೇ ಎಂದು ಖಚಿತ ಮಾಡಿಕೊಳ್ಳಲು ಅದನ್ನು ಎತ್ತಿ ಕಣ್ಣನ್ನು ಅದಕ್ಕೆ ಒತ್ತಬೇಕು. ನಾವು ಒತ್ತುತ್ತಿದ್ದೆವು. ನಮ್ಮ ಕಣ್ಣುಗಳಿಂದ ನೀರು ಸುರಿಯುತ್ತಿತ್ತು. ನಮ್ಮ ಬೆನ್ನಿಗೇ ಅತ್ತೆ, "ನೋಡುವ, ಸರಿ," ಎಂದು ತಮ್ಮ ಕಣ್ಣು ಒತ್ತುತ್ತಿದ್ದರು. ಪ್ರತಿ ಸಲವೂ. ಊರಿನವರ ಕಣ್ಣು ತಪ್ಪಿಸಿ ಅಷ್ಟು ದಿನ ಬೇನೆ ತಾಗದೆ ಉಳಿದಿದ್ದ ಮನೆಯ ಒಬ್ಬರೇ ಒಬ್ಬರು ಅವರು. ಬೇರೆಯವರ ಫೋಕಸ್ ನಂಬುವ ಜನ ಅಲ್ಲ!

ನಮ್ಮದೆಲ್ಲ ವಾರದೊಳಗೆ ವಾಸಿಯಾಯಿತು. ಆ ಗಾಜಿನಿಂದ ಅತ್ತೆಗೆ ತಾಗಿದ್ದು ಮಾತ್ರ ವಾಸಿಯಾಗಲಿಲ್ಲ. ಸ್ಟುಡಿಯೊ ಬಾಗಿಲು ತೆರೆಯುತ್ತಾರೆ, ನೆಗೆಟಿವ್‌ಗಳು ರಾಶಿ ಬಿದ್ದಿರುತ್ತವೆ ಎಂಬ ಅವಸರ ಅವರಿಗೆ. ಯಾರೋ ಹೇಳಿದ ಸೊಪ್ಪಿನ ರಸವನ್ನು ತಾವೇ ಹಿಂಡಿ ಬಿಟ್ಟುಕೊಂಡರು. ಎರಡು ದಿನಕ್ಕೆ ಬೆಳಕಿನ ಕಡೆ ಮುಖ ತಿರುಗಿಸಲು ಆಗದೆ ಗೋಡೆಯ ಕಡೆ ಕುಳಿತರು. ಅಪ್ಪ ಮಣಿಪಾಲಕ್ಕೆ ಕರೆದುಕೊಂಡು ಹೋದರು. ನಾನೂ ಹೋದೆ. ಕರಿಗುಡ್ಡೆಯ ಮೇಲೆ ಹುಣ್ಣಾಗಿದೆ, ಬಲಗಣ್ಣಿನದು ಆಳವಾಗಿದೆ ಎಂದರು ಡಾಕ್ಟರು. ಎರಡೂ ಕಣ್ಣಿಗೆ ಕಟ್ಟು.

ಕಟ್ಟಿನ ಒಳಗಿಂದಲೇ ಅತ್ತೆ ಕೇಳಿದರು: "ಡಾಕ್ಟ್ರೇ, ನಿಮ್ಮದು ಕಾರ್ಕಳದ ಕಡೆಯ ಮದುವೆ ಅಲ್ವಾ? ನರ್ಸ್ ನಿಮ್ಮ ಹೆಸರು ಹೇಳಿದಾಗ ಗೊತ್ತಾಯಿತು. ನಿಮ್ಮ ಫೋಟೋ ತಿದ್ದಿದ್ದು ನಾನೇ."

ಡಾಕ್ಟರು ನಕ್ಕರು. "ನನ್ನ ಮುಖದಲ್ಲಿ ತಿದ್ದುವಂಥದ್ದು ಎಂತ ಇತ್ತು?"

"ಕಟ್ಟು ಬಿಚ್ಚಿದ ಮೇಲೆ ಹೇಳ್ತೇನೆ. ಈಗ ಹೇಳಿದರೆ ನೀವು ಮದ್ದು ಸರಿ ಹಾಕ್ಲಿಕ್ಕಿಲ್ಲ."

ವಾರ್ಡಿನವರೆಲ್ಲ ನಕ್ಕರು. ನಾನು ನಗಲಿಲ್ಲ. ಅತ್ತೆ ನನ್ನ ಬೆರಳುಗಳನ್ನು ಹಿಡಿದದ್ದು ಬಿಟ್ಟಿರಲಿಲ್ಲ. ಆ ಕಣ್ಣುಗಳು ಹೋದರೆ ಅತ್ತೆಗೆ ಕಿಟಕಿ ಇಲ್ಲ, ಗಾಜು ಇಲ್ಲ, ಪೆನ್ಸಿಲ್ ಇಲ್ಲ. ಮದುವೆಯಾಗದೆ, ಯಾರ ಹಂಗೂ ಇಲ್ಲದೆ ಬದುಕಿದ್ದು ಅವುಗಳ ಮೇಲೆಯೇ.

ಅಷ್ಟರಲ್ಲಿ ಸ್ಟುಡಿಯೊ ತೆರೆದು, ನಮ್ಮ ಫೋಟೋಗಳು ಅಲ್ಲಿಂದ ತೊಳೆದು ಬಂದವು. ಅತ್ತೆ ಆಸ್ಪತ್ರೆಯ ಮಂಚದ ಮೇಲೆ ಕುಳಿತು, ನಮ್ಮನ್ನು ಸುತ್ತ ನಿಲ್ಲಿಸಿ, ಒಂದೊಂದನ್ನೂ ಹೇಳಿಸಿದರು.

"ಅಮ್ಮ ಬುಟ್ಟಿಯ ಮೇಲೆ ಕೂತಿದ್ದಾಳೆ," ಎಂದಳು ಗುಲಾಬಿ.

"ಬೆಳಕು ಯಾವ ಕಡೆಯಿಂದ?"

"ತೆಂಗಿನ ತೋಟದ ಕಡೆಯಿಂದ."

"ಅಂದರೆ ಬೆಳಿಗ್ಗೆ. ಹಾಗಾದರೆ ಕಡಲ ಬದಿಯ ಕೆನ್ನೆ ಕಪ್ಪಾಗಿರಬೇಕು."

"ಹೌದು ಅಕ್ಕ! ನಿಮಗೆ ಹೇಗೆ ಗೊತ್ತು?"

"ನನಗೆ ಗೊತ್ತಿಲ್ಲದ ಕೆನ್ನೆ ಉಂಟಾ?"

ಒಂದು ಫೋಟೋವನ್ನು ಮಾತ್ರ ನಾವು ಹೇಳಲಿಲ್ಲ. ಅದನ್ನು ಗುಲಾಬಿ ರಾಶಿಯ ಅಡಿಗೆ ಹಾಕಿದಳು.

ಕಟ್ಟು ಬಿಚ್ಚಿದ ದಿನ ಎಡಗಣ್ಣು ಉಳಿದಿತ್ತು. ಬಲಗಣ್ಣಿನ ನಡುವೆ ಬಿಳಿಯ ಹೂ ಬಿದ್ದು ನೋಟ ಹೋಗಿತ್ತು. ಅತ್ತೆ ಡಾಕ್ಟರ ಮುಖವನ್ನು ಒಂದು ಕಣ್ಣಿನಿಂದ ನೋಡಿ, "ಮೂಗಿನ ಪಕ್ಕದ ಮಚ್ಚೆ," ಎಂದರು. ಕೊಟ್ಟ ಮಾತು ಉಳಿಸಿಕೊಂಡರು.

ಮನೆಗೆ ಬಂದು ಮಾಡಿದ ಮೊದಲ ಕೆಲಸವೆಂದರೆ ಕಿಟಕಿಯ ಬಳಿ ಕುಳಿತು ಪೆನ್ಸಿಲ್ ಚೂಪು ಮಾಡಿದ್ದು. ಹಾಳಾದ ನೆಗೆಟಿವ್ ಒಂದನ್ನು ಬೆಳಕಿಗೆ ಹಿಡಿದು ಮೊನೆಯನ್ನು ಇಳಿಸಿದರು. ಮೊನೆ ತಾಗಲಿಲ್ಲ. ಗಾಳಿಯಲ್ಲೇ ನಿಂತಿತು. ಮತ್ತೆ ಇಳಿಸಿದರು. ಈ ಸಲ ಜೋರಾಗಿ ತಾಗಿ ಮುರಿಯಿತು. ಒಂದು ಕಣ್ಣಿಗೆ ದೂರ ಹತ್ತಿರದ ಅಂದಾಜು ಸಿಗುವುದಿಲ್ಲವಂತೆ. ಅತ್ತೆ ತುಂಬ ಹೊತ್ತು ಪ್ರಯತ್ನಿಸಿದರು. ಅಮ್ಮ ಒಳಗಿನಿಂದ ಬಂದು, ನೋಡಿ, ಹಿಂದೆ ಹೋದಳು. ದೋಸೆ ತಿದ್ದಿದರೂ ಸಾಕು, ಏನಾದರೂ ಹೇಳಲಿ ಎಂದು ನನಗನ್ನಿಸಿತು. ಅತ್ತೆ ಪೆನ್ಸಿಲುಗಳನ್ನು ಒಟ್ಟುಮಾಡಿ ಡಬ್ಬಿಗೆ ಹಾಕಿದರು.

ಆಮೇಲೆ, "ಫೋಟೋ ಎಲ್ಲ ತನ್ನಿ," ಎಂದರು.

ಗೆಳತಿಯರು ಮೂವರೂ ಬಂದರು. ಅತ್ತೆ ಒಂದೊಂದನ್ನೇ ಕಣ್ಣಿನ ಹತ್ತಿರ ಹಿಡಿದು ನೋಡುತ್ತಾ ಅಡಿಯವರೆಗೆ ಹೋದರು. ಅಡಿಯಲ್ಲಿ ಅದು ಇತ್ತು.

ಒಂದು ವಿಷಯ ನಾನು ಇದುವರೆಗೆ ಹೇಳಲಿಲ್ಲ. ನಮ್ಮ ಮನೆಯಲ್ಲಿ ಅದನ್ನು ಯಾರೂ ಹೇಳುತ್ತಿರಲಿಲ್ಲ. ಅತ್ತೆಗೆ ಎಳವೆಯಲ್ಲಿ ಸಿಡುಬು ಬಂದಿತ್ತು. ಮುಖದ ತುಂಬ ಕಲೆ. ಅವರ ಫೋಟೋ ಎಂಬುದು ಒಂದೂ ಇರಲಿಲ್ಲ. ಆ ಫೋಟೋದಲ್ಲಿ ಗುಲಾಬಿ ಹಿಡಿದದ್ದು, ಇನ್ನೊಂದು ಬೆಳಿಗ್ಗೆ ಅಂಗಳದಲ್ಲಿ ಸುಮತಿಗೆ ಬೈಯುತ್ತಿದ್ದ ಅತ್ತೆಯನ್ನು. ಬಾಯಿ ತೆರೆದಿದೆ, ಕೈ ಮೇಲೆದ್ದಿದೆ, ಪಕ್ಕದಿಂದ ಬಿದ್ದ ಎಳೆಬಿಸಿಲಿನಲ್ಲಿ ಒಂದೊಂದು ಕಲೆಯೂ ನೆರಳು ಹೊತ್ತು ನಿಂತಿದೆ.

ಗುಲಾಬಿ ಅಳತೊಡಗಿದಳು. "ತಪ್ಪಾಯಿತು ಅಕ್ಕ. ನೀವು ಬೈಯುವಾಗ ಚಂದ ಕಂಡಿತು. ಅದಕ್ಕೆ ತೆಗೆದೆ."

"ಚಂದ ಕಂಡಿತಾ?"

"ಹೌದು."

ಅತ್ತೆ ಅದನ್ನು ಇನ್ನಷ್ಟು ಹತ್ತಿರ ಹಿಡಿದರು. ಉಳಿದ ಕಣ್ಣಿನಿಂದ ಹಣೆಯನ್ನು, ಕೆನ್ನೆಯನ್ನು, ಗಲ್ಲವನ್ನು ನೋಡಿದರು. ಇನ್ನೊಬ್ಬರ ಮುಖವನ್ನು ಎಷ್ಟು ನಿಧಾನವಾಗಿ ನೋಡುತ್ತಿದ್ದರೋ ಅಷ್ಟೇ ನಿಧಾನವಾಗಿ.

"ಒಂದು ಕಲೆಯೂ ತಪ್ಪಿಲ್ಲ ಅಲ್ವಾ? ಎಲ್ಲ ಬಿದ್ದಿದೆ," ಎಂದರು. "ಮತ್ತೆ ಅಳುವುದು ಯಾಕೆ ಮಾರಾಯ್ತಿ? ಫೋಕಸ್ ಸರಿ ಉಂಟು."

ಕ್ಯಾಮರಾವನ್ನು ತರಿಸಿ ಗುಲಾಬಿಯ ಕೊರಳಿಗೆ ಹಾಕಿದರು. ಇನ್ನು ಅದು ನಿನ್ನದು, ಪೆನ್ಸಿಲ್ ಮಾತ್ರ ಕೇಳಬೇಡ ಎಂದರು. ಮತ್ತೆ ತಾವೇ ಸ್ಟೂಲು ಎಳೆದುಕೊಂಡು ಬೆಳಕಿನ ಕಡೆ ಮುಖ ಮಾಡಿ ಕುಳಿತರು. ಸೆರಗನ್ನು ಸರಿ ಮಾಡಿದರು. ಗುಲಾಬಿ ಕಣ್ಣೊರೆಸಿಕೊಂಡು ಕ್ಯಾಮರಾದ ಮೇಲೆ ತಲೆ ತಗ್ಗಿಸಿದಳು.

ಅತ್ತೆಗೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮಡಿಲಲ್ಲಿಟ್ಟರು, ತೆಗೆದರು, ಮತ್ತೆ ಇಟ್ಟರು. ನಂತರ, ಸ್ಟುಡಿಯೊಕ್ಕೆ ಬಂದ ಹುಡುಗಿಯರೆಲ್ಲ ಕೇಳುತ್ತಿದ್ದ ಹಾಗೆ, ಸಣ್ಣ ಧ್ವನಿಯಲ್ಲಿ ಕೇಳಿದರು:

"ನಾನು ಎಲ್ಲಿ ನೋಡ್ಬೇಕು?"