ಅಸಾಧಾರಣ ಸಂಕಷ್ಟದ ಗಂಡ

ಹೆಂಡತಿಯಿಲ್ಲದೆ ನಾನು ಬದುಕಬಲ್ಲೆನೇ ಇಲ್ಲವೇ ಎಂಬುದನ್ನು ನನ್ನ ಅತ್ತೆ ತೀರ್ಮಾನಿಸಿದ್ದರೆ ಸಹಿಸಿಕೊಳ್ಳುತ್ತಿದ್ದೆ. ತೀರ್ಮಾನಿಸಲು ಹೊರಟದ್ದು ವಾಷಿಂಗ್ಟನ್ನಿನಲ್ಲಿ ಕುಳಿತ ಅಟಾರ್ನಿ ಜನರಲ್!

ನನ್ನ ಒಡಿಲಿಯಾ ಇಪ್ಪತ್ತೆರಡು ವರ್ಷಗಳ ಹಿಂದೆ ಎಲ್ ಸಾಲ್ವಡಾರ್‌ನಿಂದ ಹ್ಯೂಸ್ಟನ್‌ಗೆ ಕಾಗದಪತ್ರವಿಲ್ಲದೆ ಬಂದವಳು. ನಾನು ಪೌರತ್ವ ಪಡೆದವನು. (ಮನೆಯೊಳಗೆ ಅದಕ್ಕೆ ಮಾನ್ಯತೆಯಿಲ್ಲ.) ಅವಳನ್ನು ಗಡೀಪಾರು ಮಾಡಿದರೆ ಗಂಡನಿಗೆ 'ಅಸಾಧಾರಣ ಸಂಕಷ್ಟ'ವಾಗುತ್ತದೆ ಎಂದು ವಲಸೆ ನ್ಯಾಯಾಧೀಶರು ಅವಳನ್ನು ಉಳಿಸಿದರು. ಸರ್ಕಾರ ಮೇಲ್ಮನವಿ ಹಾಕಿತು. ಮೇಲ್ಮನವಿ ಮಂಡಳಿಯೂ ಅವಳ ಪರವೇ ನಿಂತಿತು. ಉಸ್ಸೆಂದು ಕೂರುವಷ್ಟರಲ್ಲಿ ಪತ್ರ ಬಂತು: ಪ್ರಕರಣವನ್ನು ಮಂಡಳಿಗೂ ಮೇಲಿನವರಾದ ಅಟಾರ್ನಿ ಜನರಲ್ ಸ್ವತಃ ತರಿಸಿಕೊಂಡಿದ್ದಾರೆ. ಅವರು ತೀರ್ಪು ತಿರುಗಿಸಿದರೆ ಒಡಿಲಿಯಾ ಹೊರಡಬೇಕು.

"ಅವರನ್ನ ನೋಡಿ ಮಾತಾಡೋಕಾಗಲ್ಲ, ಬರೆದು ಕಳಿಸ್ಬೇಕು. ನಿಮ್ಮ ಹೊಸ ಹೇಳಿಕೆ ತಗೋತಾರೋ ಇಲ್ವೋ, ಆದ್ರೂ ಲಗತ್ತಿಸೋಣ," ಎಂದರು ವಕೀಲೆ ಮಾರ್ಗೋ.

ನಾನೇ ಬರೆದೆ: 'ಮಾನ್ಯರೇ, ನನ್ನನ್ನು ನಾನು ಸಮರ್ಥವಾಗಿ ನೋಡಿಕೊಳ್ಳಬಲ್ಲೆ. ಆದರೂ ದಯವಿಟ್ಟು ಹೆಂಡತಿಯನ್ನು ಬಿಟ್ಟುಬಿಡಿ.'

ಮಾರ್ಗೋ ತಲೆ ಹಿಡಿದುಕೊಂಡರು.

"ರೀ, ನೀವೇ ನನ್ನನ್ನ ವಿಮಾನ ಹತ್ತಿಸ್ಬಿಡಿ!" ಎಂದಳು ಒಡಿಲಿಯಾ. "ಮೇಡಂ, ನಾನು ಹೇಳ್ತೀನಿ ಬರ್ಕೊಳ್ಳಿ. ಇನ್ಸುಲಿನ್ ಸಿರಿಂಜಿನ ಗೆರೆ ಇವ್ರಿಗೆ ಕಾಣಲ್ಲ. ಸಕ್ಕರೆ ಇಳಿದು ಎರಡು ಸಲ ಬಚ್ಚಲಲ್ಲಿ ಬಿದ್ದಿದ್ರು."

"ಒಂದೇ ಸಲ! ಇನ್ನೊಂದು ಸಲ ಕೂತಿದ್ದೆ!"

"ಎಚ್ಚರ ತಪ್ಪಿ ಕೂತಿದ್ರಿ."

ನನ್ನ ಪೌರುಷ ಕೆರಳಿತು. ಭಾನುವಾರ ಅವಳು ಚರ್ಚಿಗೆ ಹೋದಾಗ ನಾನೊಬ್ಬನೇ ಪುಪೂಸಾ ರೊಟ್ಟಿ ಸುಡಲು ನಿಂತೆ. ರೊಟ್ಟಿಯೂ ಸುಟ್ಟುಹೋಯಿತು, ಕಿಟಕಿಯ ಪರದೆಯೂ ಸುಟ್ಟುಹೋಯಿತು. ಒಡಿಲಿಯಾ ಬರುವಾಗ ಅಡುಗೆಮನೆಯಲ್ಲಿ ಮೂವರು ಅಗ್ನಿಶಾಮಕರು ನಿಂತಿದ್ದರು. ಬೈಯುತ್ತಾಳೆಂದುಕೊಂಡೆ. ಅವಳು ಹಿರಿಯವನ ಬಳಿ ಹೋಗಿ ಮೆಲ್ಲಗೆ ಕೇಳಿದಳು, "ಅಣ್ಣಾ, ನಿಮ್ಮ ವರದಿಯ ಒಂದು ಪ್ರತಿ ಸಿಗುತ್ತಾ?"

ಅದೂ ವಾಷಿಂಗ್ಟನ್ನಿಗೆ ಹೋಯಿತು.

ಏಳು ತಿಂಗಳು ಕಾದೆವು. ಒಂದು ದಿನ, "ಯಾವುದಕ್ಕೂ ಸೂಟ್‌ಕೇಸ್ ಸಿದ್ಧ ಮಾಡಿಟ್ಕೊಳ್ಳೋಣ್ವಾ?" ಎಂದೆ.

"ನಾನು ಎಲ್ಲಿಗೂ ಹೋಗಲ್ಲ," ಎಂದವಳೇ ಸೂಟ್‌ಕೇಸನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟಳು. ಅಂಚೆಗಾಡಿಯ ಸದ್ದು ಕೇಳಿದರೆ ಮಾತ್ರ, ನನ್ನ ತೋಳಿನ ಮೇಲೆ ಸೂಜಿ ಹಿಡಿದ ಅವಳ ಕೈ ಒಂದು ಕ್ಷಣ ನಿಲ್ಲುತ್ತಿತ್ತು.

ಕೊನೆಗೂ ತೀರ್ಪು ಬಂತು; ಮಾರ್ಗೋ ತಮ್ಮ ಕಚೇರಿಗೆ ಕರೆಸಿ ಓದಿ ಹೇಳಿದರು. ಒಡಿಲಿಯಾ ಉಳಿದಳು! ನಾನು ಗೊಳೋ ಎಂದು ಅತ್ತೆ. ಅವಳೂ ಅತ್ತಳು, ನನಗೆ ಬೆನ್ನು ತಿರುಗಿಸಿಕೊಂಡು.

ಆಗ ಮಾರ್ಗೋ ನನ್ನತ್ತ ತಿರುಗಿದರು. "ಇದನ್ನ ಅಚ್ಚು ಹಾಕ್ಸಿದ್ದಾರೆ. ಇನ್ಮೇಲೆ ದೇಶದ ವಲಸೆ ನ್ಯಾಯಾಧೀಶರೆಲ್ಲಾ ಇದನ್ನೇ ಪಾಲಿಸ್ಬೇಕು. ಹೆಸರಿಲ್ಲ, ಬರೀ ಮೊದಲಕ್ಷರ. ಆದ್ರೆ ನಿಮ್ಮ ಬಗ್ಗೆ ಒಂಬತ್ತು ಪುಟ ಇದೆ."

ಹೆಸರಿಲ್ಲದಿದ್ದರೇನು, ನಮ್ಮ ಬೀದಿಗೆ ಅಷ್ಟು ಸಾಕಾಯಿತು, ಸುದ್ದಿ ಊರೂರು ಸುತ್ತಿತು. ಮುಂದಿನ ತಿಂಗಳು ಯಾರೋ ಹೆಂಗಸು ಡಲ್ಲಾಸ್‌ನಿಂದ ದಷ್ಟಪುಷ್ಟ ಗಂಡನನ್ನು ಎಳೆದುಕೊಂಡು ಬಾಗಿಲಿಗೆ ಬಂದಳು.

"ಅಕ್ಕಾ, ನಮ್ಮೆಜಮಾನ್ರ ಸಂಕಷ್ಟ ನಿಮ್ಮೆಜಮಾನ್ರಷ್ಟು ಇಲ್ಲ ಅಂತಾರೆ ನಮ್ಮ ವಕೀಲರು. ಒಂದು ವಾರ ಇವ್ರನ್ನ ಇಲ್ಲೇ ಬಿಟ್ಟೋಗ್ಲಾ? ನೋಡಿ ಕಲೀಲಿ."

ಒಡಿಲಿಯಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ವಾರ ಯಾಕಮ್ಮ? ಎರಡು ದಿನ ಸಾಕು."