ನಮ್ಮ ವೈಫೈ ಯಾವ ಬಸ್ಸಲ್ಲಿ ಬಂತು?

ನಮ್ಮ ಆಫೀಸಲ್ಲಿ ವಾರಕ್ಕೊಂದಾದರೂ ನಗೆಪಾಟಲು ಆಗದಿದ್ದರೆ ನಮಗೇ ಅನುಮಾನ ಬರುತ್ತೆ, ಎಲ್ಲೋ ಏನೋ ಕೆಟ್ಟಿದೆ ಅಂತ. ದೇವನಹಳ್ಳಿಯ ಬೇಕರಿಯೊಂದರ ಮೇಲಿನ ಮಹಡಿ ನಮ್ಮದು. ಮಾಡೋದು ವೈಫೈ ಕಾರ್ಡು. ಕಾರ್ಡು ಕಂಪ್ಯೂಟರಿನ ಜೊತೆ ಮಾತಾಡೋ ದಾರಿಗೆ ನಮ್ಮವರು ‘ಬಸ್’ ಅಂತಾರೆ, ಕಾರ್ಡನ್ನು ನಡೆಸೋ ಪ್ರೋಗ್ರಾಮಿಗೆ ‘ಡ್ರೈವರ್’ ಅಂತಾರೆ. ಬಸ್ಸು ಮೂರು ಬಗೆ: ಪಿಸಿಐ, ಯುಎಸ್‌ಬಿ, ಎಸ್‌ಡಿಐಓ. ತನ್ನ ಕಾರ್ಡು ಯಾವ ಬಸ್ಸಲ್ಲಿದೆ ಅಂತ ಡ್ರೈವರ್ ಮೊದಲು ಪತ್ತೆ ಮಾಡಬೇಕು. ಆ ಪತ್ತೆ ಮಾಡೋ ಕೋಡು ನನ್ನ ಪಾಲಿನದು.

೧. ಅದಲ್ಲದಿದ್ದರೆ ಇದೇ

ನಾನು ರಜೆಯಲ್ಲಿದ್ದಾಗ ಪಕ್ಕದ ಸೀಟಿನ ಗೆಳೆಯ ಆ ಕೋಡಿಗೆ ಕೈ ಹಾಕಿದ್ದ. ಅವನು ಬರೆದಿದ್ದು ಇಷ್ಟು: ಪಿಸಿಐ ಹೌದಾ ನೋಡು, ಅಲ್ಲದಿದ್ದರೆ ಯುಎಸ್‌ಬಿ ಅಂತಲೇ ತಿಳ್ಕೋ. ಅಷ್ಟೇ! ಎಸ್‌ಡಿಐಓ ಕಾರ್ಡು ಹಾಕಿದ ತಕ್ಷಣ ಕಂಪ್ಯೂಟರ್ ಕಲ್ಲಿನ ಹಾಗೆ ಕೂತುಬಿಟ್ಟಿತು.

ಬಾಸ್ ಕೇಳಿದರು, “ಏನಪ್ಪಾ, ಬೆಳಿಗ್ಗೆ ಬಾಗಿಲು ಬಡಿದೋನು ಹಾಲಿನೋನಲ್ಲ ಅಂದ್ರೆ ಪೇಪರಿನೋನೇ ಅಂತಾನಾ?”

ಗೆಳೆಯ ತಲೆ ಕೆರ್ಕೊಂಡ. “ನಮ್ಮನೆಗೆ ಬೇರೆ ಯಾರೂ ಬರಲ್ಲ ಸಾರ್.”

೨. ಇಲ್ಲ ಅಂದ್ರೆ ಇಲ್ಲ

ದೊಡ್ಡಬಳ್ಳಾಪುರದಲ್ಲಿ ಮಗ್ಗಗಳಿಗೆ ಮೀಟರು ಮಾಡಿಕೊಡೋ ಒಬ್ಬರು ನಮ್ಮ ಕಾರ್ಡು ನೋಡೋಕೆ ಬಂದರು. ಈ ಆರ್ಡರ್ ಸಿಕ್ಕರೆ ಆಫೀಸು ಉಳಿಯುತ್ತೆ, ಇಲ್ಲದಿದ್ದರೆ ನಾವೆಲ್ಲ ಕೆಳಗಿನ ಬೇಕರಿಯಲ್ಲೇ ಕೆಲಸ ಕೇಳಬೇಕು ಅನ್ನೋ ಸ್ಥಿತಿ.

ಡ್ರೈವರ್ ಚಾಲೂ ಮಾಡಿದೆ. ಪರದೆ ಮೇಲೆ ಬಂತು: ಯಾವ ಬಸ್ಸಲ್ಲೂ ಕಾರ್ಡಿಲ್ಲ. ಮತ್ತೆ ಮಾಡಿದೆ. ಕಾರ್ಡಿಲ್ಲ. ಬಾಸ್ ಬೆವರು ಒರೆಸಿಕೊಳ್ಳೋಕೆ ಅಂತ ಜೇಬಿಂದ ಕರ್ಚೀಫ್ ಎಳೆದರೆ, ಅದರ ಜೊತೆ ಕಾರ್ಡೂ ಟಪ್ ಅಂತ ಟೇಬಲ್ ಮೇಲೆ ಬಿತ್ತು. ಜೋಪಾನವಾಗಿರಲಿ ಅಂತ ಜೇಬಲ್ಲಿಟ್ಟುಕೊಂಡವರು ಸಿಕ್ಕಿಸೋದನ್ನೇ ಮರೆತಿದ್ದರು.

ಬಂದವರು ಹೊಟ್ಟೆ ಹಿಡ್ಕೊಂಡು ನಕ್ಕರು. “ಓನರ್ ಎದುರಿಗೇ ಇಲ್ಲ ಅಂದ್ರೆ ಇಲ್ಲ ಅನ್ನುತ್ತಲ್ಲಾ, ಈ ಡ್ರೈವರ್ ನಂಗೆ ಬೇಕು!” ಅಂತ ಆರ್ಡರ್ ಕೊಟ್ಟೇಬಿಟ್ಟರು.

೩. ಬಸ್ ಅನುಭವ ಕಡ್ಡಾಯ

ಕೆಲಸ ಹೆಚ್ಚಾಯಿತು, ಇನ್ನೊಬ್ಬ ಇಂಜಿನಿಯರ್ ಬೇಕಾಯಿತು. ಬಾಸ್ ಅವಸರದಲ್ಲಿ ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರು: ‘ವೈರ್‌ಲೆಸ್ ಡ್ರೈವರ್ ಕೆಲಸಕ್ಕೆ ಜನ ಬೇಕು. ಬಸ್ ಅನುಭವ ಕಡ್ಡಾಯ.’ ಟೀ ಮುಗಿಯೋದರೊಳಗೆ ಒಬ್ಬರ ಫೋನ್ ಬಂತು. ಬಾಸ್ ಸ್ಪೀಕರ್ ಹಾಕಿ ಅಲ್ಲೇ ಸಂದರ್ಶನ ಶುರು ಮಾಡಿದರು.

“ಬಸ್ಸಲ್ಲಿ ಎಷ್ಟು ಅನುಭವ?”

“ಮೀಸೆ ಬಂದಾಗಿಂದ ಅದೇ ಕೆಲಸ ಸಾರ್.”

“ಯಾವ ಬಸ್ಸು ಅಂತ ಹೆಂಗೆ ಪತ್ತೆ ಮಾಡ್ತೀರಾ?”

“ಬೋರ್ಡ್ ನೋಡ್ತೀನಿ ಸಾರ್.”

“ಬೋರ್ಡಲ್ಲಿ ಗೊತ್ತಾಗದಿದ್ರೆ?”

“ನಂಬರ್ ನೋಡ್ತೀನಿ.”

ಕಂಪ್ಯೂಟರಿನೊಳಗೂ ಬೋರ್ಡಿರುತ್ತೆ, ಕಾರ್ಡಿಗೂ ನಂಬರಿರುತ್ತೆ. ಬಾಸ್ ಮುಖ ಅರಳಿತು. “ವೈರ್‌ಲೆಸ್ ಗೊತ್ತಾ?”

“ಏರ್‌ಪೋರ್ಟ್ ಟ್ಯಾಕ್ಸಿಲಿ ಇತ್ತು ಸಾರ್.”

“ಏರ್‌ಪೋರ್ಟಿಗೇ ಕೆಲಸ ಮಾಡಿದ್ದಾರೆ ಕಣಮ್ಮ!” ಅಂತ ನನ್ನ ಕಿವೀಲಿ ಹೇಳಿ, “ಈಗ್ಲೇ ಬಂದ್ಬಿಡಿ” ಅಂದರು ಫೋನಿಗೆ.

ಬಂದರು. ಖಾಕಿ ಅಂಗಿ, ಕೈಯಲ್ಲಿ ಹೆವಿ ಲೈಸೆನ್ಸು. ಕಿಟಕಿಯಿಂದ ಬಗ್ಗಿ ನೋಡಿ, “ಬಸ್ ಎಲ್ಲಿ ನಿಲ್ಸಿದ್ದೀರಾ ಮೇಡಂ?” ಅಂದರು. ನಾನು ಹೆಬ್ಬೆರಳಿನಷ್ಟಿದ್ದ ಕಾರ್ಡು ತೋರಿಸಿದೆ. ಅದನ್ನು ಅಂಗೈ ಮೇಲಿಟ್ಟು ನೋಡಿ, “ಇದಕ್ಕೆ ಹೆವಿ ಲೈಸೆನ್ಸ್ ಬೇಕಿತ್ತಾ?” ಅಂದರು.

ಬಾಸಿಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಆದರೆ ಹೊಸ ಆರ್ಡರಿನ ಪೆಟ್ಟಿಗೆಗಳನ್ನು ಸಾಗಿಸೋ ವ್ಯಾನಿಗೆ ಜನ ಬೇಕೇ ಇತ್ತು. ಅವತ್ತೇ ಸೇರಿಸಿಕೊಂಡರು. ನಮ್ಮ ಆಫೀಸಿನ ಡ್ರೈವರ್‌ಗಳಲ್ಲಿ ಇವತ್ತಿನವರೆಗೆ ಒಂದ್ಸಲವೂ ಕ್ರ್ಯಾಶ್ ಆಗದಿರೋದು ಅವರೊಬ್ಬರೇ.